ಹುಲ್ಲುಗಾವಲಿನ ಮೇಲೊಂದು ವಿಜ್ಞಾನ ನಗರಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಹಿಂದಿನಿಂದಲೂ ‘ಎಣ್ಣೆ ನಗರಿ’ ಎಂಬ ಹೆಸರಿದೆ. ಶೇಂಗಾ, ಎಣ್ಣೆ ಗಿರಣಿ ಮತ್ತು ಕುರಿ ಉಣ್ಣೆಯ ಕಂಬಳಿ ಈ ಊರಿನ ಹೆಸರನ್ನು ದೂರದೂರಕ್ಕೆ ಒಯ್ದವು. ಈಚಿನ ವರ್ಷಗಳಲ್ಲಿ ಅದಕ್ಕೆ ಇನ್ನೊಂದು ಹೆಸರು ಸೇರಿಕೊಂಡಿದೆ: ‘ವಿಜ್ಞಾನ ನಗರಿ’. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರ್ ಒಂದು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ತಾನೇ ದಾರಿ ಹುಡುಕಿಕೊಂಡು ಬಂದಿಳಿದದ್ದು ಈ ತಾಲ್ಲೂಕಿನ ರನ್‌ವೇ ಮೇಲೆ. ಅದೇ ನೆಲದಲ್ಲಿ ಎರಡು ದಶಕಗಳ ಹಿಂದೆ ಕುರಿಗಳು ಮೇಯುತ್ತಿದ್ದವು.

ಮಹಾನಗರದ ಒಡಲಲ್ಲಿ ಜಾಗ ಸಾಲದಾದಾಗ ಉಪನಗರಗಳು ಹುಟ್ಟುತ್ತವೆ. ಮುಂಬೈಗೆ ನವಿ ಮುಂಬೈ, ದೆಹಲಿಗೆ ನೋಯ್ಡಾ, ಬೆಂಗಳೂರಿಗೆ ಕೆಂಗೇರಿ, ಯಲಹಂಕಗಳು ಬಂದದ್ದು ಹೀಗೆ. ಚಳ್ಳಕೆರೆಯ ಕಥೆ ಸ್ವಲ್ಪ ಬೇರೆ. ಇದು ರಾಜಧಾನಿಯಿಂದ ಸುಮಾರು 200 ಕಿ.ಮೀ. ದೂರದಲ್ಲಿದೆ. ಇಲ್ಲಿಗೆ ಬಂದದ್ದು ಮನೆ ಹುಡುಕುವ ಜನರಲ್ಲ, ಜಾಗ ಹುಡುಕುವ ಸಂಸ್ಥೆಗಳು. ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಅರಸರು ಕೊಟ್ಟಿದ್ದು 371 ಎಕರೆ. ಆಗ ಊರಾಚೆ ಇದ್ದ ಆ ಜಾಗ ಇಂದು ಬೆಂಗಳೂರಿನ ನಡುವೆ ಸಿಕ್ಕಿಕೊಂಡಿದೆ. ಚಳ್ಳಕೆರೆಯ ಕುದಾಪುರದಲ್ಲಿ ಅದೇ ಸಂಸ್ಥೆಗೆ ದೊರೆತದ್ದು 1,500 ಎಕರೆ. ಡಿಆರ್‌ಡಿಒಗೆ 4,290, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಇಸ್ರೊಗೆ 573 ಎಕರೆ ಮಂಜೂರಾಯಿತು. ಉಳಿದ ಹಂಚಿಕೆಗಳೂ ಸೇರಿ ಒಟ್ಟು ಸುಮಾರು 10 ಸಾವಿರ ಎಕರೆ. ಕುದಾಪುರ, ವರವು ಕಾವಲು, ಉಳ್ಳಾರ್ತಿ ಕಾವಲುಗಳ ಈ ಭೂಮಿಯ ಹಂಚಿಕೆ ನಡೆದದ್ದು 2007ರಿಂದ ಈಚೆಗೆ.

ಮೊದಲ ಅಪ್ಪಣೆ

ಈ ಸೀಮೆಗೆ ದೂರದ ರಾಜಧಾನಿಯಿಂದ ಅಪ್ಪಣೆ ಬಂದದ್ದು ಇದೇ ಮೊದಲಲ್ಲ. ಪಕ್ಕದ ಮೊಳಕಾಲ್ಮುರು ತಾಲ್ಲೂಕನ್ನು ಜನ ರೇಷ್ಮೆ ಸೀರೆಯಿಂದ ಬಲ್ಲರು. ಇತಿಹಾಸಕಾರರು ಬಲ್ಲದ್ದು ಬಂಡೆಗಳಿಂದ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿರುವುದನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆದೇಶ ಇದು. ಸುವರ್ಣಗಿರಿ ಮೌರ್ಯರ ದಕ್ಷಿಣ ಪ್ರಾಂತ್ಯದ ರಾಜಧಾನಿ. ಇಸಿಲ ಅದರ ಅಧೀನದಲ್ಲಿದ್ದ ಪಟ್ಟಣ. ಆದೇಶ ಆರಂಭವಾಗುವುದು ಇಸಿಲದವರ ಕ್ಷೇಮ ವಿಚಾರಿಸುವುದರಿಂದ. ತಂದೆತಾಯಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಬೋಧೆ.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಕಲ್ಲುಕೊಡಲಿಯ ಕಾಲದ ಜನರು, ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದವರು, ಆಮೇಲಿನ ಪಟ್ಟಣವಾಸಿಗಳು ಒಂದರ ಮೇಲೊಂದು ಪದರವಾಗಿ ಕಾಣಿಸಿಕೊಂಡರು. ಮಳೆ ಕಡಿಮೆ ಎಂಬ ಕಾರಣಕ್ಕೆ ಈ ನೆಲವನ್ನು ಯಾರೂ ಬಿಟ್ಟು ಹೋಗಿರಲಿಲ್ಲ.

ಬೆಣ್ಣೆ ಚಾವಡಿಯಿಂದ ಅಮೃತ ಮಹಲ್‌ಗೆ

ಎರಡನೆಯ ಅಪ್ಪಣೆ ಬಂದದ್ದು ಮೈಸೂರು ಅರಸರ ಕಾಲದಲ್ಲಿ. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ರಾಜ್ಯದ ಬೇರೆ ಬೇರೆ ಕಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಇದನ್ನು ನೋಡಿಕೊಳ್ಳುವ ಇಲಾಖೆಯ ಹೆಸರು ‘ಬೆಣ್ಣೆ ಚಾವಡಿ’. ಟಿಪ್ಪು ಸುಲ್ತಾನ್ ಅದನ್ನು ‘ಅಮೃತ ಮಹಲ್’ ಎಂದು ಬದಲಿಸಿದ. ಹೆಸರು ಹಾಲು ಬೆಣ್ಣೆಯದಾದರೂ ಮುಖ್ಯ ಕೆಲಸ ಯುದ್ಧದ್ದು. ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ಈ ತಳಿಯ ಎತ್ತುಗಳಿಗೆ ಸಾಟಿ ಇರಲಿಲ್ಲ. ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಂ ತಲುಪಿದ್ದು ಇವುಗಳ ಬಲದಿಂದ ಎನ್ನುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರೂ ಈ ಹಿಂಡುಗಳನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು.

ಕಾವಲು ಎಂದರೆ ಬೀಳುಬಿದ್ದ ಭೂಮಿಯಲ್ಲ. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು ಎಂದು ವಿಂಗಡಿಸಿ, ಹಿಂಡುಗಳನ್ನು ಋತುವಿಗೆ ತಕ್ಕಂತೆ ನಡೆಸುತ್ತಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರುತ್ತಿತ್ತು. ಇದೂ ಒಂದು ಯೋಜನೆಯೇ. ಫಿರಂಗಿ ಎಳೆಯುವ ಎತ್ತಿನ ಕಾಲ ಮುಗಿದು ಸರ್ಕಾರದ ಹಿಂಡು ಕರಗಿದಂತೆ, ಕಾವಲುಗಳು ಸುತ್ತಲಿನ ಹಳ್ಳಿಗಳಿಗೆ ಆಸರೆಯಾದವು. ಕುರುಬರ ಕುರಿ, ಗೊಲ್ಲರ ದನ, ಮ್ಯಾಸನಾಯಕರ ‘ದೇವರ ಎತ್ತು’ ಇಲ್ಲೇ ಮೇದವು. ದೇವರ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ; ಅವುಗಳ ಆರೈಕೆಗೆಂದೇ ಕಿಲಾರಿಗಳಿದ್ದಾರೆ. ಚಳ್ಳಕೆರೆಯ ಕಂಬಳಿಯ ಮೂಲವೂ ಇದೇ ಹುಲ್ಲು.

ಗೋಡೆ ಎದ್ದಾಗ

ಕಂದಾಯ ಲೆಕ್ಕದಲ್ಲಿ ಇದು ಸರ್ಕಾರಿ ಭೂಮಿ. ಯಾರ ಮನೆಯೂ ಇಲ್ಲ, ಯಾರ ಪಹಣಿಯೂ ಇಲ್ಲ. ಆದ್ದರಿಂದ ಹಂಚಿಕೆ ಸುಲಭವಾಯಿತು. ಭೂಸ್ವಾಧೀನವಾಗಿದ್ದರೆ ನೋಟಿಸು ಬರುತ್ತಿತ್ತು, ಪರಿಹಾರದ ಮಾತು ಏಳುತ್ತಿತ್ತು. ಇಲ್ಲಿ ಅದಾವುದೂ ಬೇಕಾಗಲಿಲ್ಲ. ಎಷ್ಟೋ ಹಳ್ಳಿಗರಿಗೆ ವಿಷಯ ತಿಳಿದದ್ದು ಕುರಿ ಹೊಡೆದುಕೊಂಡು ಹೋಗುವ ದಾರಿಗೆ ಬೇಲಿ, ಗೋಡೆ ಅಡ್ಡ ಬಂದಾಗ. ಪ್ರತಿಭಟನೆಗಳಾದವು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಿ, 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಯೋಜನೆಗಳು ಮುಂದುವರಿದವು.

2016ರ ನವೆಂಬರ್‌ನಲ್ಲಿ ರುಸ್ತುಂ-2 ಚಾಲಕರಹಿತ ವಿಮಾನ ಇಲ್ಲಿಂದ ಮೊದಲ ಬಾರಿ ಹಾರಿತು. 2017ರ ಮೇ 28ರಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವನ್ನು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಉದ್ಘಾಟಿಸಿದರು. ಕುದಾಪುರದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿಯ ವ್ಯವಸ್ಥೆಯಾಯಿತು. ಇವು ಸಣ್ಣ ಸಾಧನೆಗಳಲ್ಲ. ಇಂಥ ಪ್ರಯೋಗಗಳಿಗೆ ಸಮತಟ್ಟಾದ, ಜನವಸತಿ ವಿರಳವಾದ ವಿಶಾಲ ಜಾಗ ಬೇಕೆಂಬುದೂ ನಿಜ. ಆದರೆ ಜನವಸತಿ ಇಲ್ಲದಿರುವುದು ಬೇರೆ, ಜನರ ಬಳಕೆಯೇ ಇಲ್ಲದಿರುವುದು ಬೇರೆ. ಹುಲ್ಲುಗಾವಲಿನಲ್ಲಿ ಯಾರೂ ಮನೆ ಕಟ್ಟುವುದಿಲ್ಲ; ಕಟ್ಟದಿರುವುದರಿಂದಲೇ ಅದು ಹುಲ್ಲುಗಾವಲಾಗಿ ಉಳಿದಿರುತ್ತದೆ.

ನಗರ ಯೋಜಕರು ಹೊಸ ನಕ್ಷೆ ಬರೆಯುವ ಮೊದಲು ಹಳೆಯ ದಾಖಲೆ ತಿರುವಿ ಹಾಕುವುದು ಒಳ್ಳೆಯದು. ಬೆಂಗಳೂರು ಇನ್ನೂ ಬೆಳೆಯುತ್ತಿದೆ. ಅದು ಬೇರೆ ಊರುಗಳಲ್ಲಿ ಜಾಗ ಕೇಳುವುದೂ ನಿಲ್ಲುವುದಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಸುವರ್ಣಗಿರಿಯಿಂದ ಬಂದ ಅಪ್ಪಣೆ ಮೊದಲು ಕ್ಷೇಮ ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದಿತ್ತು. ಅಂದು ಆ ಮಾತು ಅಧಿಕಾರಿಗಳಿಗಷ್ಟೇ ಮೀಸಲಾಗಿತ್ತು. ಇಂದಿನ ರಾಜಧಾನಿ ಅದನ್ನು ಕುರಿ ಕಾಯುವವನ ಬಳಿಯೂ ಕೇಳಬಹುದು.