ಹಗೇವು: ಬಯಲುಸೀಮೆಯ ನೆಲದಡಿಯ ಕಣಜ

ಹಗೇವು ಎಂದರೆ ಧಾನ್ಯ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ರೈತರು ರಾಗಿ, ಜೋಳಗಳನ್ನು ವರ್ಷಗಟ್ಟಲೆ ಕೆಡದಂತೆ ಇಟ್ಟುಕೊಂಡದ್ದು ಇಂಥ ಗುಂಡಿಗಳಲ್ಲಿ. ಕಾಳಿಗೆ ಹುಳು ಬೀಳದಂತೆ ಕಾಯುತ್ತಿದ್ದದ್ದು ಬಿಗಿಯಾಗಿ ಮುಚ್ಚಿದ ಗುಂಡಿಯೊಳಗೆ ಆಮ್ಲಜನಕ ಬರಿದಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುವುದು.

ಬಯಲುಸೀಮೆಯ ಈ ಭಾಗ ಮಳೆನೆರಳಿನ ಪ್ರದೇಶ. ಬೆಳೆ ಕೈಹಿಡಿದ ವರ್ಷದ ಕಾಳು ಕೈಕೊಟ್ಟ ವರ್ಷಕ್ಕೆ ಉಳಿಯಲೇಬೇಕಿತ್ತು. 1876–78ರ ಧಾತು–ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಯುದ್ಧಕಾಲದಲ್ಲೂ ದಾಸ್ತಾನೇ ಬಲ. 1779ರಲ್ಲಿ ಹೈದರ್ ಅಲಿಯ ವಶವಾಗುವವರೆಗೆ ನಾಯಕರ ನೆಲೆಯಾಗಿದ್ದ ಚಿತ್ರದುರ್ಗದ ಕೋಟೆಯೊಳಗೆ ಕಣಜಗಳೂ ಎಣ್ಣೆಕೊಳಗಳೂ ಇರುವುದು ಇದಕ್ಕೆ ಸಾಕ್ಷಿ.

ಹಗೇವಿಗೆ ನೀರು ಜಿನುಗದ, ದಿಬ್ಬದ ಗಟ್ಟಿ ನೆಲ ಬೇಕು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು. ಕೆಳಗೆ ಹೊಟ್ಟೆ ಅಗಲ. ತಳಕ್ಕೂ ಸುತ್ತಲೂ ಒಣಹುಲ್ಲು ಒತ್ತಿ, ಚೆನ್ನಾಗಿ ಒಣಗಿದ ಕಾಳು ಸುರಿದು, ಮೇಲೆ ಮತ್ತೆ ಹುಲ್ಲು ಹೊದಿಸಿ, ಬಾಯಿಗೆ ಚಪ್ಪಡಿ ಎಳೆದು ಸಂದುಗಳಿಗೆ ಮಣ್ಣು ಮೆತ್ತುತ್ತಿದ್ದರು. ಕಾಳಿನಲ್ಲಿ ತೇವ ಉಳಿದರೆ ಬೂಸ್ಟು ಹಿಡಿದು ಇಡೀ ದಾಸ್ತಾನು ಹಾಳಾಗುತ್ತಿತ್ತು.

ಗುಂಡಿಯ ಹಿಡಿತವನ್ನು, ಅಂದರೆ ಅದರಲ್ಲಿ ಎಷ್ಟು ಕಾಳು ಹಿಡಿಯುತ್ತದೆ ಎಂಬುದನ್ನು, ಖಂಡುಗಗಳಲ್ಲಿ ಹೇಳುವುದು ರೂಢಿಯಾಗಿತ್ತು. 20 ಕೊಳಗಕ್ಕೆ 1 ಖಂಡುಗ. ಕೊಳಗದ ಗಾತ್ರ ಊರಿಂದೂರಿಗೆ ಬೇರೆಯಿದ್ದುದರಿಂದ ಈ ಲೆಕ್ಕ ಆಯಾ ಊರಿಗೇ ಸೇರಿದ್ದು. ಇಂದಿನ ಅಳತೆಯಲ್ಲಿ ಅಂದಾಜು ಸುಲಭ. ಹೊಟ್ಟೆಯ ಅಡ್ಡಳತೆ 2 ಮೀಟರ್, ಆಳ 2.5 ಮೀಟರ್ ಎಂದಿಟ್ಟುಕೊಂಡರೆ ಒಳಗಿನ ಜಾಗ ಸುಮಾರು 7.8 ಘನ ಮೀಟರ್. ಒಂದು ಘನ ಮೀಟರಿಗೆ ಸುಮಾರು 750 ಕಿಲೋ ರಾಗಿ ಹಿಡಿಯುತ್ತದೆ. ಹುಲ್ಲಿನ ಜಾಗ ಕಳೆದರೂ 50 ಕ್ವಿಂಟಲಿನಷ್ಟು ತುಂಬಬಹುದು.

ತುಂಬಿದ ಗುಂಡಿಯಲ್ಲೂ ಕಾಳು ಕಾಳಿನ ನಡುವೆ ಗಾಳಿ ಇರುತ್ತದೆ, ಒಟ್ಟು ಜಾಗದ ಶೇ 40ರ ಆಸುಪಾಸು. ಅಂದರೆ ಸುಮಾರು 3 ಘನ ಮೀಟರ್ ಗಾಳಿ. ಅದರಲ್ಲಿ ಆಮ್ಲಜನಕ 0.6 ಘನ ಮೀಟರಿನಷ್ಟು. ಕಾಳು, ಹುಳು, ಶಿಲೀಂಧ್ರಗಳು ಉಸಿರಾಡಿ ಅದನ್ನು ಮುಗಿಸುತ್ತವೆ; ಹೆಚ್ಚುಕಡಿಮೆ ಅಷ್ಟೇ ಗಾತ್ರದ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ತೂಕದಲ್ಲಿ ಅದು ಒಂದು ಕಿಲೋಗಿಂತ ತುಸು ಹೆಚ್ಚು. ಆಮ್ಲಜನಕ ಬರಿದಾದಾಗ ಹುಳುಗಳು ಸಾಯುತ್ತವೆ. ಔಷಧಿ ಸೋಂಕದೆ ಟನ್ನುಗಟ್ಟಲೆ ಕಾಳು ಉಳಿಯುವ ಗುಟ್ಟು ಇದು.

ಅದೇ ಗಾಳಿ ಮನುಷ್ಯರಿಗೂ ಮಾರಕ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಆದ್ದರಿಂದ ಚಪ್ಪಡಿ ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಆತುರಪಟ್ಟು ಇಳಿದವರು ಉಸಿರುಗಟ್ಟಿ ಸತ್ತದ್ದುಂಟು.

ಹಗೇವಿನಲ್ಲಿ ತಾನಾಗಿ ನಿಲ್ಲುವ ಇದೇ ಅನಿಲವನ್ನು, ಅಂದರೆ ಕಾರ್ಖಾನೆಗಳ ಇಂಗಾಲದ ಡೈಆಕ್ಸೈಡನ್ನು, ಹಿಡಿದು ಭೂಮಿಯೊಳಗೆ ಹುದುಗಿಸುವ ಇಂದಿನ ಯೋಜನೆಗಳಲ್ಲೂ ಮೊದಲ ಪ್ರಶ್ನೆ ಹಿಡಿತದ್ದೇ. ಶಿಲಾಸ್ತರದ ವಿಸ್ತೀರ್ಣ, ದಪ್ಪ, ಅದರಲ್ಲಿನ ಸೂಕ್ಷ್ಮ ರಂಧ್ರಗಳ ಪಾಲು, ಆ ಆಳದಲ್ಲಿ ಅನಿಲದ ಸಾಂದ್ರತೆ ಇವುಗಳನ್ನು ಗುಣಿಸಿ, ಅದರಲ್ಲಿ ನಿಜವಾಗಿ ಬಳಕೆಗೆ ಬರುವ ಸಣ್ಣ ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅನಿಲ ಒತ್ತೊತ್ತಾಗಿ ನಿಲ್ಲಲು ಸಾಮಾನ್ಯವಾಗಿ 800 ಮೀಟರಿಗಿಂತ ಹೆಚ್ಚಿನ ಆಳ ಬೇಕು. ಭಾರತದಲ್ಲಿ ಇಂಥ ಅಂದಾಜು ನಡೆಯುವುದು ಮುಖ್ಯವಾಗಿ ಜಲಜಶಿಲೆಗಳ ಪ್ರದೇಶಗಳಿಗೆ, ದಖನ್ನಿನ ಬಸಾಲ್ಟಿಗೆ. ಹಗೇವಿನ ಸೀಮೆಗೆ ಆ ಸಾಧ್ಯತೆ ಕಡಿಮೆ: ಚಿತ್ರದುರ್ಗದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು.  ಒತ್ತಡ, ಶಾಖಗಳಲ್ಲಿ ರೂಪಾಂತರಗೊಂಡು ಬಿಗಿಗೊಂಡ ಈ ಕಲ್ಲುಗಳಲ್ಲಿ ಅನಿಲ ತುಂಬುವಂಥ ರಂಧ್ರಗಳು ತೀರ ಕಡಿಮೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗೋದಾಮು, ಗೋಣಿಚೀಲ, ಪಡಿತರ ಅಕ್ಕಿ ಬಂದವು. ತೆಂಗು, ಅಡಿಕೆ, ಮೆಕ್ಕೆಜೋಳ ಹಬ್ಬಿದವು. ಹಗೇವು ತೋಡುವವರೂ ತುಂಬುವವರೂ ಇಲ್ಲವಾದರು. ಅಳಿದುಳಿದ ಗುಂಡಿಗಳನ್ನು ಮುಚ್ಚಿಬಿಡುವ ಮೊದಲು ಆಯಾ ಊರಿನವರು ಅವುಗಳ ಆಳ, ಅಗಲ, ಹಿಡಿತಗಳನ್ನು ಅಳೆದು ಬರೆದಿಡಬೇಕು. ಅಳೆಯಲು ಇಳಿಯುವವರು ಮೊದಲು ಗುಂಡಿಗೆ ಚೆನ್ನಾಗಿ ಗಾಳಿಯಾಡಿಸಬೇಕು.