ಸೌರಶಕ್ತಿಯ ಸಂಗ್ರಹಣೆ: ನಿಸರ್ಗದಲ್ಲಿ ಹಾಗೂ ತಂತ್ರಜ್ಞಾನದಲ್ಲಿ

ಆಹಾರ, ಮೇವು, ಉರುವಲು, ಗಾಳಿ ಮತ್ತು ಮಳೆ ಇವೆಲ್ಲವುಗಳಿಗೂ ಸೂರ್ಯನ ಶಕ್ತಿಯೇ ಮೂಲಾಧಾರವಾಗಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗಗಳು ಬಯಲುಸೀಮೆಗೆ ಸೇರಿದ್ದು, ಇಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಒಂದು ಚದರ ಮೀಟರ್ ನೆಲದ ಮೇಲೆ ದಿನವೊಂದಕ್ಕೆ ಸರಾಸರಿ 5 ರಿಂದ 6 ಯೂನಿಟ್ ವಿದ್ಯುತ್ತಿಗೆ ಸಮನಾದ ಸೌರಶಕ್ತಿ ಬೀಳುತ್ತದೆ. ಇದನ್ನು ಬೆಳೆಯ ಎಲೆಯೂ ಹಿಡಿಯುತ್ತದೆ, ಸೌರಫಲಕವೂ ಹಿಡಿಯುತ್ತದೆ. ಆದರೆ ಎರಡರ ವಿಧಾನವೂ ಫಲವೂ ಬೇರೆ. ಜಮೀನನ್ನು ಸೌರ ವಿದ್ಯುತ್ ಉತ್ಪಾದನೆಗೆ ನೀಡುವ ಮೊದಲು ಈ ವ್ಯತ್ಯಾಸವನ್ನು ತಿಳಿದಿರುವುದು ಅವಶ್ಯ.

ನಿಸರ್ಗದಲ್ಲಿ

ಎಲೆಯಲ್ಲಿರುವ ಪತ್ರಹರಿತ್ತು ಮುಖ್ಯವಾಗಿ ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಆ ಶಕ್ತಿಯಿಂದ ನೀರು ಹಾಗೂ ಇಂಗಾಲದ ಡೈಆಕ್ಸೈಡ್ ಸೇರಿ ಸಕ್ಕರೆಯಾಗುತ್ತದೆ, ಆಮ್ಲಜನಕ ಹೊರಬರುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಜೋಳ ಮತ್ತು ಗೋವಿನಜೋಳದ ಎಲೆಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಒಂದೆಡೆ ಸಾಂದ್ರಗೊಳಿಸುವ ವಿಶೇಷ ವ್ಯವಸ್ಥೆಯಿರುವುದರಿಂದ ಅವು ಬಿರುಬಿಸಿಲಿನಲ್ಲಿಯೂ ಕಡಿಮೆ ನೀರಿನಲ್ಲಿ ಬೆಳೆಯಬಲ್ಲವು. ಶೇಂಗಾ ಬೆಳೆಯು ತನ್ನ ಸಕ್ಕರೆಯ ಒಂದು ಪಾಲನ್ನು ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳಿಗೆ ನೀಡಿ, ಪ್ರತಿಯಾಗಿ ಗಾಳಿಯ ಸಾರಜನಕವನ್ನು ಪಡೆಯುತ್ತದೆ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಹೀಗೆ ಈ ಸೀಮೆಯ ಬಿಸಿಲೇ ಮಧ್ಯ ಏಷ್ಯಾಕ್ಕೆ ಮರಳುವ ಅವುಗಳ ಪಯಣಕ್ಕೆ ಬಲವಾಗುತ್ತದೆ. 2024 ರಲ್ಲಿ ಈ ಕೆರೆಯನ್ನು ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಕಪ್ಪತಗುಡ್ಡದ ಪರಿಸರದಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೂ ನೆಲ ಹಾಗೂ ಸಮುದ್ರವನ್ನು ಸೂರ್ಯನು ಅಸಮವಾಗಿ ಕಾಯಿಸುವುದರಿಂದ ಉಂಟಾದದ್ದೇ.

ತಂತ್ರಜ್ಞಾನದಲ್ಲಿ

ಕಣದಲ್ಲಿ ಮೆಣಸಿನಕಾಯಿ ಒಣಗಿಸುವುದು ಸೌರಶಕ್ತಿಯ ಅತ್ಯಂತ ಹಳೆಯ ಬಳಕೆಗಳಲ್ಲೊಂದು. ಸೌರ ಜಲತಾಪಕವು ಬಿಸಿಲನ್ನು ಶಾಖವಾಗಿ ಹಿಡಿಯುತ್ತದೆ. ಸೌರಫಲಕದಲ್ಲಿ ಬೆಳಕು ಸಿಲಿಕಾನ್ ಪದರದ ಎಲೆಕ್ಟ್ರಾನ್‌ಗಳನ್ನು ಬಿಡಿಸಿ ನೇರವಾಗಿ ವಿದ್ಯುತ್ ಉಂಟುಮಾಡುತ್ತದೆ. 1954 ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಪ್ರದರ್ಶಿಸಿದ ಸಿಲಿಕಾನ್ ಕೋಶದ ದಕ್ಷತೆ ಸುಮಾರು ಶೇ. 6, ಇಂದಿನ ಫಲಕಗಳದು ಶೇ. 20 ಅಥವಾ ಅದಕ್ಕೂ ಹೆಚ್ಚು.

ಎರಡರ ಹೋಲಿಕೆ

1. ಹೊಲದ ಬೆಳೆ ಸಾಮಾನ್ಯವಾಗಿ ತನ್ನ ಮೇಲೆ ಬಿದ್ದ ಸೌರಶಕ್ತಿಯಲ್ಲಿ ಶೇ. 1 ರಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಫಲಕದ ಗಳಿಕೆ ಇದರ ಹಲವು ಪಟ್ಟು.
2. ಬೆಳೆ ಗಳಿಸಿದ್ದು ಕಾಳು, ಎಣ್ಣೆ, ಕಣಿಕೆ, ಹೊಟ್ಟಿನ ರೂಪದಲ್ಲಿ ವರ್ಷಪೂರ್ತಿ ಉಳಿಯುತ್ತದೆ. ಫಲಕದ ವಿದ್ಯುತ್ತನ್ನು ಆ ಕ್ಷಣವೇ ಬಳಸಬೇಕು, ಜಾಲಕ್ಕೆ ಕಳುಹಿಸಬೇಕು ಅಥವಾ ಬ್ಯಾಟರಿಯಲ್ಲಿಡಬೇಕು.
3. ಎಲೆ ನೀರನ್ನು ಆವಿಯಾಗಿ ಬಿಟ್ಟು ತನ್ನನ್ನು ತಂಪಾಗಿಸಿಕೊಳ್ಳುತ್ತದೆ. ಫಲಕಕ್ಕೆ ಆ ಅನುಕೂಲವಿಲ್ಲ. 25 ಡಿಗ್ರಿ ಸೆಲ್ಸಿಯಸ್ ಮೀರಿದ ಪ್ರತಿ ಡಿಗ್ರಿಗೆ ಉತ್ಪಾದನೆ ಸುಮಾರು ಶೇ. 0.3 ರಿಂದ 0.4 ರಷ್ಟು ಇಳಿಯುತ್ತದೆ. ಧೂಳಿನಿಂದಲೂ ನಷ್ಟವಾಗುತ್ತದೆ.

ಜಮೀನು ಮತ್ತು ಛಾವಣಿ

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಉದ್ಯಾನಕ್ಕಾಗಿ ಸುಮಾರು 13,000 ಎಕರೆ ಜಮೀನನ್ನು ಖರೀದಿಸದೆ, ರೈತರಿಂದ ದೀರ್ಘಾವಧಿ ಗುತ್ತಿಗೆಗೆ ಪಡೆಯಲಾಯಿತು. ಇಂತಹ ಗುತ್ತಿಗೆಯಿಂದ ಮಳೆ ಕೈಕೊಟ್ಟ ವರ್ಷವೂ ಭೂಮಾಲೀಕರಿಗೆ ನಿಶ್ಚಿತ ಆದಾಯ ದೊರೆಯುತ್ತದೆ. ಆದರೆ ಅದೇ ಹೊಲದಲ್ಲಿ ದುಡಿಯುತ್ತಿದ್ದ ಭೂರಹಿತ ಕೂಲಿಕಾರರಿಗೆ ಗುತ್ತಿಗೆಯ ಹಣ ಸೇರುವುದಿಲ್ಲ. ದನಕರುಗಳ ಮೇವೂ ತಪ್ಪುತ್ತದೆ. ಆದುದರಿಂದ ಗುತ್ತಿಗೆಯ ಅವಧಿ, ಬಾಡಿಗೆ ಏರಿಕೆ, ಅವಧಿ ಮುಗಿದ ನಂತರ ಫಲಕ ಹಾಗೂ ಕಾಂಕ್ರೀಟ್ ತೆರವುಗೊಳಿಸುವ ಹೊಣೆ ಇವುಗಳನ್ನು ಕರಾರುಪತ್ರದಲ್ಲಿ ಓದಿ ಖಚಿತಪಡಿಸಿಕೊಂಡ ನಂತರವೇ ಸಹಿ ಮಾಡತಕ್ಕದ್ದು. ಬಂಜರೆಂದು ಕಾಣುವ ಕುರುಚಲು ನೆಲವೂ ಕುರಿಗಾರರಿಗೆ ಹುಲ್ಲುಗಾವಲಾಗಿರಬಹುದು ಎಂಬುದನ್ನು ಮರೆಯಬಾರದು.

ಛಾವಣಿಯ ಮೇಲೆ ಇಂತಹ ಪ್ರಶ್ನೆ ಉದ್ಭವಿಸುವುದಿಲ್ಲ. ನೆರಳಿಲ್ಲದ ಸುಮಾರು 10 ಚದರ ಮೀಟರ್ ಛಾವಣಿಯಲ್ಲಿ 1 ಕಿಲೋವಾಟ್ ಘಟಕ ಅಳವಡಿಸಿದರೆ ದಿನಕ್ಕೆ ಸರಾಸರಿ 4 ಯೂನಿಟ್ ದೊರೆಯುತ್ತದೆ. ಫೆಬ್ರವರಿ 2024 ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಗೃಹ ಬಳಕೆದಾರರಿಗೆ 1 ಕಿಲೋವಾಟ್‌ಗೆ ರೂ. 30,000, 2 ಕಿಲೋವಾಟ್‌ಗೆ ರೂ. 60,000, 3 ಕಿಲೋವಾಟ್ ಮತ್ತು ಮೇಲ್ಪಟ್ಟು ರೂ. 78,000 ಸಹಾಯಧನ ನಿಗದಿಪಡಿಸಲಾಗಿದೆ.

ಎರೆಭೂಮಿಯ ಬಿಸಿಲು ಮೊದಲು ಬೆಳೆಗೆ, ಮನೆ ಹಾಗೂ ಕಟ್ಟಡಗಳ ಮೇಲಿನ ಬಿಸಿಲು ಮೊದಲು ಫಲಕಕ್ಕೆ ಸಲ್ಲುವುದು ಈ ಭಾಗಕ್ಕೆ ಹಿತಕರವಾಗಿದೆ.