ಏಳು ತಂತಿಗಳ ಪಿಟೀಲು: ತಿರುಮಕೂಡಲು ಚೌಡಯ್ಯನವರ ನಾದಸಾಧನೆ

ಪಾಶ್ಚಾತ್ಯ ಮೂಲದ ಪಿಟೀಲು ಕರ್ನಾಟಕ ಸಂಗೀತದಲ್ಲಿ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದನ್ನು ಈ ಸಂಗೀತಕ್ಕೆ ಒಗ್ಗಿಸಿದ ಕೀರ್ತಿ ಬಾಲುಸ್ವಾಮಿ ದೀಕ್ಷಿತರಿಗೆ ಸಲ್ಲುತ್ತದೆ. ವಾದ್ಯವನ್ನು ಹಿಡಿಯುವ ರೀತಿ, ಶ್ರುತಿ ಮಾಡುವ ಕ್ರಮ, ಗಮಕಗಳನ್ನು ಮೂಡಿಸುವ ಬಗೆ ಕಾಲಕ್ರಮದಲ್ಲಿ ಬದಲಾದುವು. ನಾಲ್ಕು ತಂತಿಗಳ ವಿನ್ಯಾಸ ಮಾತ್ರ ಹಾಗೆಯೇ ಉಳಿದಿತ್ತು. ಅದಕ್ಕೆ ಕೈಹಾಕಿದವರು ಮೈಸೂರು ಸೀಮೆಯ ಒಕ್ಕಲಿಗ ಮನೆತನದಲ್ಲಿ ಹುಟ್ಟಿದ ಚೌಡಯ್ಯನವರು.

ಚೌಡಯ್ಯನವರು ೧೮೯೫ರಲ್ಲಿ ತಿರುಮಕೂಡಲಿನಲ್ಲಿ ಜನಿಸಿದರು. ಕಾವೇರಿ ಮತ್ತು ಕಪಿಲೆಯರ ಸಂಗಮಸ್ಥಾನವಿದು. ಸ್ಫಟಿಕ ಸರೋವರವೂ ಇಲ್ಲಿ ಗುಪ್ತವಾಗಿ ಕೂಡುತ್ತದೆಂಬ ಜನರ ನಂಬಿಕೆಯೇ ಇದನ್ನು ತ್ರಿವೇಣಿ ಸಂಗಮವಾಗಿಸಿದೆ. ಮುಂದೆ ಅವರು ತಮ್ಮ ರಚನೆಗಳಿಗೆ 'ತ್ರಿಮಕುಟ' ಎಂಬ ಅಂಕಿತವನ್ನು ಆರಿಸಿಕೊಂಡರು. ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡ ವಾಗ್ಗೇಯಕಾರರು ಅನೇಕರಿರುವಾಗ, ಇಲ್ಲಿ ಹುಟ್ಟೂರೇ ಅಂಕಿತವಾಗಿರುವುದು ಗಮನಾರ್ಹ.

೧೯೧೦ರಲ್ಲಿ ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯರಾಗಿ ಸೇರಿದರು. ೧೯೧೮ರವರೆಗೆ ಗುರುಕುಲ ಕ್ರಮದ ಕಠಿಣ ಶಿಕ್ಷಣ ನಡೆಯಿತು. ಕೃಷ್ಣಪ್ಪನವರು ತುಳುನಾಡಿನ ಯಕ್ಷಗಾನದ ಹಿನ್ನೆಲೆಯಿಂದ ಬಂದವರು. ದೇವರನಾಮಗಳಿಗೆ ಕಚೇರಿಯ ವೇದಿಕೆಯಲ್ಲಿ ಗೌರವದ ಸ್ಥಾನ ದೊರಕಿಸಿದವರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ಬಯಲಿನಲ್ಲಿ ಇಡೀ ರಾತ್ರಿ ನೆರೆದ ಜನಸ್ತೋಮಕ್ಕೆ ಕೇಳುವಂತೆ ಹಾಡುವುದು ಯಕ್ಷಗಾನದ ಭಾಗವತನ ಮೊದಲ ಹೊಣೆ. ಅಂಥ ಪರಂಪರೆಯ ಅರಿವಿದ್ದ ಗುರುವಿನ ಗಾಯನಕ್ಕೆ ಪಿಟೀಲು ನುಡಿಸುತ್ತ ಬೆಳೆದ ಶಿಷ್ಯನಿಗೆ, ನಾದ ಎಷ್ಟು ದೂರ ತಲುಪುತ್ತದೆ ಎಂಬುದು ಸಹಜವಾಗಿಯೇ ಮುಖ್ಯ ಪ್ರಶ್ನೆಯಾಗಿರಬೇಕೆಂದು ಊಹಿಸಬಹುದು.

ಧ್ವನಿವರ್ಧಕವಿಲ್ಲದ ಕಾಲವದು. ಮದುವೆಯ ಚಪ್ಪರದಲ್ಲಾಗಲಿ ಉತ್ಸವದ ಪೆಂಡಾಲಿನಲ್ಲಾಗಲಿ ಗಾಯಕನ ಕಂಠ ಹಿಂದಿನ ಸಾಲಿಗೆ ಮುಟ್ಟಿದರೂ ನಾಲ್ಕು ತಂತಿಗಳ ಪಿಟೀಲಿನ ನಾದ ನಡುವೆಯೇ ಕರಗಿಹೋಗುತ್ತಿತ್ತು. ೧೯೨೭ರ ಸುಮಾರಿಗೆ ಚೌಡಯ್ಯನವರು ಇದಕ್ಕೆ ಉಪಾಯ ಕಂಡುಕೊಂಡರು. ಮೂರು ಹೆಚ್ಚುವರಿ ತಂತಿಗಳನ್ನು ಜೊತೆತಂತಿಗಳಾಗಿ ಅಳವಡಿಸಿ ಏಳು ತಂತಿಗಳ ಪಿಟೀಲನ್ನು ಸಿದ್ಧಗೊಳಿಸಿದರು. ಹೇಳುವಷ್ಟು ಸುಲಭದ ಕೆಲಸವೇನೂ ಇದಲ್ಲ. ಒಂದೇ ಬೆರಳು ಎರಡು ತಂತಿಗಳನ್ನು ಸಮವಾಗಿ ಒತ್ತಬೇಕು. ಒಂದೇ ಕಮಾನು ಎರಡನ್ನೂ ಒಟ್ಟಿಗೆ ಮಿಡಿಸಬೇಕು. ಜೊತೆಯ ತಂತಿ ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಗಮಕ ಕೆಡುತ್ತದೆ. ಬಿರಡೆಗಳು ಹೆಚ್ಚಿದಷ್ಟೂ ಶ್ರುತಿ ಮಾಡುವ ಶ್ರಮವೂ ಹೆಚ್ಚು. ಇಷ್ಟನ್ನೂ ಸಾಧಿಸಿಕೊಂಡಾಗ ಹೊರಟದ್ದು ತುಂಬುನಾದ.

ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೆ, ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಚೌಡಯ್ಯ ಈ ಮೂವರನ್ನು ಆ ತಲೆಮಾರಿನ ಪಿಟೀಲು ತ್ರಿಮೂರ್ತಿಗಳೆಂದು ಗುರುತಿಸುವುದು ರೂಢಿ. ಇವರಲ್ಲಿ ಚೌಡಯ್ಯನವರ ನಾದದ ಗಾತ್ರವನ್ನೇ ಅಬ್ಬರವೆಂದು ಎಣಿಸುವ ಅಭಿರುಚಿಯೊಂದಿದೆ. ಅದು ಸಣ್ಣ ಕೋಣೆಯ ರಸಿಕನ ಕಿವಿಯಿಂದ ಮಾಡಿದ ವಿಮರ್ಶೆ. ಚಪ್ಪರದ ಅಂಚಿನಲ್ಲಿ ನಿಂತು ಕೇಳಿದವನ ಅನುಭವ ಅದರಲ್ಲಿ ಲೆಕ್ಕಕ್ಕೆ ಬಂದಿಲ್ಲ. ಶಾಸ್ತ್ರೀಯ ವಿದ್ವಾಂಸರೊಬ್ಬರನ್ನು ಮೈಸೂರು ಸೀಮೆಯ ಜನ 'ಪಿಟೀಲು ಚೌಡಯ್ಯ' ಎಂದು ವಾದ್ಯದ ಹೆಸರಿನಿಂದಲೇ ಕರೆದದ್ದು ಇಂಥ ಕೇಳುಗರ ಪ್ರೀತಿಯಿಂದ.

ಪಕ್ಕವಾದ್ಯಗಾರರಾಗಿ ಅವರು ತಮ್ಮ ಕಾಲದ ಅಗ್ರಗಣ್ಯ ಗಾಯಕರೊಡನೆ ನುಡಿಸಿದರು. ಅದರಲ್ಲಿಯೂ ಚೆಂಬೈ ವೈದ್ಯನಾಥ ಭಾಗವತರ ಸಿಂಹಕಂಠಕ್ಕೆ ಏಳು ತಂತಿಗಳ ಪಿಟೀಲು ಹೇಳಿ ಮಾಡಿಸಿದ ಜೊತೆಯಾಗಿತ್ತು. ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗವೂ ಸೇರಿದ ಆ ಮೇಳದ ಒಂದು ದಾಖಲೆ, ಚೌಡಯ್ಯನವರು ನಿರ್ಮಿಸಿದ 'ವಾಣಿ' (೧೯೪೩) ಚಲನಚಿತ್ರದ ಕಚೇರಿಯ ದೃಶ್ಯ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ ಬೋಧನೆಗೂ ಅವರು ನೆಲೆ ಕಲ್ಪಿಸಿದರು. ೧೯೫೭ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ 'ಸಂಗೀತ ಕಲಾನಿಧಿ' ಬಿರುದನ್ನಿತ್ತು ಗೌರವಿಸಿತು. ೧೯೬೭ರ ಜನವರಿ ೧೯ರಂದು ಅವರು ನಿಧನರಾದರು.

ಅಷ್ಟು ಹೊತ್ತಿಗೆ ಧ್ವನಿವರ್ಧಕ ಎಲ್ಲ ಸಭೆಗಳಿಗೂ ಬಂದಿತ್ತು. ಏಳು ತಂತಿಗಳು ಹುಟ್ಟಿದ ಕಾರಣವೇ ಇಲ್ಲವಾದುದರಿಂದ ಮುಂದಿನ ತಲೆಮಾರು ಬಹುತೇಕ ನಾಲ್ಕು ತಂತಿಗಳಲ್ಲಿಯೇ ಉಳಿಯಿತು. ಈ ಪ್ರಯೋಗ ಸೋತಿತೆಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ವಿದ್ಯುತ್ತು ಮಾಡುವ ಕೆಲಸವನ್ನು ಸುಮಾರು ಒಂದು ಶತಮಾನದ ಹಿಂದೆ ತಂತಿ ಮತ್ತು ಬೆರಳುಗಳು ಮಾಡಿದ್ದುವು. ಅವರ ಸ್ಮರಣೆಗಾಗಿ ಬೆಂಗಳೂರಿನಲ್ಲಿ ೧೯೮೦ರ ನವೆಂಬರ್ ೧೪ರಂದು ಉದ್ಘಾಟನೆಗೊಂಡ ಚೌಡಯ್ಯ ಸ್ಮಾರಕ ಭವನವನ್ನು ತಂತಿ, ಬಿರಡೆ, ಕುದುರೆ, ಕಮಾನುಗಳ ಸಮೇತ ಪಿಟೀಲಿನ ಆಕಾರದಲ್ಲಿಯೇ ಕಟ್ಟಲಾಗಿದೆ. ಅದರ ತಂತಿಗಳು ಏಳು.